ದೋಷವಿಚಾರ

ಯಾವುದಾದರೊಂದು ಕಾರ್ಯವು ಕೆಟ್ಟಿತೆಂದೊಡನೆ ಮನುಷ್ಯನು ಮೊದಲು ಕೇಳಬೇಕಾದ ಪ್ರಶ್ನೆಯು "ಏನಾಯಿತು?" ಎಂಬುದು. ಆದರೆ ಅನುಭವದಲ್ಲಿ "ಯಾರು ಕೆಡಿಸಿದರು?" ಎಂಬುದೇ ಅದಕ್ಕಿಂತ ಮುಂದಾಗಿ ಬಾಯಿಂದ ಹೊರಡುವುದು. ಮೊದಲನೆಯದು ಜ್ಞಾನಕ್ಕೆ ಸಂಬಂಧಿಸಿದ ಪ್ರಶ್ನೆ. ಎರಡನೆಯದು ನ್ಯಾಯಕ್ಕೆ ಸಂಬಂಧಿಸಿದುದು. ಜ್ಞಾನವು ಮುಗಿಯುವ ಮುನ್ನ ನ್ಯಾಯವು ಆರಂಭವಾಗಬಾರದೆಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ, ಒಪ್ಪಿಯೂ ಆಚರಿಸುವುದಿಲ್ಲ. ಈ ವಿಷಯವನ್ನು ನನ್ನ ಮನೆಯಲ್ಲಿಯೇ ನಡೆದ ಒಂದು ಸಣ್ಣ ಸಂಗತಿಯನ್ನು ಮುಂದಿಟ್ಟುಕೊಂಡು ವಿಚಾರ ಮಾಡಬೇಕೆಂದು ತೋರಿತು. ಅದು ನನಗೆ ಗೌರವವನ್ನು ತರತಕ್ಕ ಸಂಗತಿಯಲ್ಲವೆಂಬುದನ್ನು ವಾಚಕರಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ತೀರ್ಥರೂಪರವರು ಊರೂರು ತಿರುಗಿ ಬರೆದುಕೊಂಡು ಬಂದ ಹಾಡುಗಳ ಪುಸ್ತಕಗಳು ನಾಲ್ಕಾರು ನಮ್ಮ ಮನೆಯಲ್ಲಿವೆ. ಹಾಳೆಗಳು ಜೀರ್ಣವಾಗುತ್ತ ಬಂದುದರಿಂದ ಅವುಗಳ ಛಾಯಾಚಿತ್ರಗಳನ್ನು ತೆಗೆದು ಒಂದು ಹಳೆಯ ಕಂಪ್ಯೂಟರಿನಲ್ಲಿ ಇರಿಸಿ, ಅದನ್ನು ಮನೆಯ ಇಂಟರ್ನೆಟ್ಟಿಗೆ ಸೇರಿಸಿ, ದೂರದ ಊರಿನಲ್ಲಿರುವ ನನ್ನ ತಂಗಿಯೂ ಅವಳ ಮಕ್ಕಳೂ ಅಲ್ಲಿಂದಲೇ ಓದುವಂತೆ ಅಣಿಮಾಡಿದೆನು. ಹೀಗೆ ಕೇಳಿದವರಿಗೆ ಪುಟಗಳನ್ನು ತೆಗೆದುಕೊಡುವ ಯಂತ್ರಕ್ಕೆ ವೆಬ್ ಸರ್ವರ್ ಎಂದು ಹೆಸರು. ಅದನ್ನು ನಡೆಯಿಸುವುದು ಲಿನಕ್ಸ್. ೧೯೯೧ರಲ್ಲಿ ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸರು ಆರಂಭಿಸಿ, ಅನಂತರ ಸಾವಿರಾರು ಜನರು ಕೂಡಿ ಬೆಳಸಿದ ವ್ಯವಸ್ಥೆ. ಅದರಲ್ಲಿ ಯಂತ್ರವು ತನ್ನ ನಡೆವಳಿಯನ್ನು ಬಹುಮಟ್ಟಿಗೆ ಬಚ್ಚಿಡುವುದಿಲ್ಲ. ಯಾರು ಬಂದರು, ಏನು ಕೇಳಿದರು, ಏನು ತಪ್ಪಿತು ಎಂಬುದನ್ನೆಲ್ಲ ದಿನಚರಿಯಂತೆ ಬರೆದಿಡುತ್ತದೆ. ಓದುವ ತಾಳ್ಮೆ ಮಾತ್ರ ನಮ್ಮಲ್ಲಿರಬೇಕು.

ಒಂದು ಶನಿವಾರ ಇಂಟರ್ನೆಟ್ ಕಂಪನಿಯ ಲೈನಿನ ಹುಡುಗನು ಬಂದು, ಸವೆದಿದ್ದ ತಂತಿಯ ತುದಿಯನ್ನು ಬದಲಾಯಿಸಿ ಹೋದನು. ಭಾನುವಾರ ಬೆಳಗ್ಗೆ ತಂಗಿಯು ಫೋನು ಮಾಡಿದಳು. "ಅಣ್ಣಾ, ಅಪ್ಪನ ಪುಸ್ತಕ ತೆರೆಯುತ್ತಿಲ್ಲ. ಸಂಪರ್ಕ ನಿರಾಕರಿಸಲಾಗಿದೆ ಎಂದು ಬರುತ್ತಿದೆ," ಎಂದಳು. ನಾನು ಆ ಹಳೆಯ ಕಂಪ್ಯೂಟರಿನ ಮುಂದೆಯೇ ಕುಳಿತು ತೆರೆದು ನೋಡಿದೆನು. ಪುಟಗಳು ತಡವಿಲ್ಲದೆ ಬಂದವು. ಯಂತ್ರವು ಸರಿಯಾಗಿದೆ; ಆದಕಾರಣ ದೋಷವು ಹೊರಗಿದೆ; ಹೊರಗಿನದನ್ನು ನಿನ್ನೆ ಮುಟ್ಟಿದವನು ಆ ಹುಡುಗನೊಬ್ಬನೇ. ತರ್ಕವು ಅಷ್ಟು ಬೇಗ ಮುಗಿಯಿತು. ಕಂಪನಿಗೆ ಫೋನು ಮಾಡಿ ಅವನ ಮೇಲೆ ದೂರು ಬರೆಯಿಸಿದೆನು.

ಅವನು ಮಳೆಯಲ್ಲಿ ಹನ್ನೆರಡು ಕಿಲೋಮೀಟರು ಬಂದನು. ನೆನೆದ ಅಂಗಿಯನ್ನು ಹಿಂಡಿಕೊಳ್ಳುವಷ್ಟರಲ್ಲಿಯೇ ನಾನು, "ನೀನು ಮುಟ್ಟುವವರೆಗೆ ಎಲ್ಲವೂ ಸರಿಯಾಗಿತ್ತು," ಎಂದೆನು. ಅವನು ಉತ್ತರ ಕೊಡಲಿಲ್ಲ. ತಂತಿಯನ್ನು ಪರೀಕ್ಷಿಸಿದನು, ರೂಟರ್ ಪೆಟ್ಟಿಗೆಯನ್ನು ನೋಡಿದನು. ಅನಂತರ, "ಮೇಷ್ಟ್ರೇ, ಅದೇ ಕಂಪ್ಯೂಟರಿನಲ್ಲಿ ಅಲ್ಲ, ಮನೆಯೊಳಗಿನ ಬೇರೆ ಫೋನಿನಿಂದ ಏನಾದರೂ ತೆರೆದು ನೋಡಿದಿರಾ?" ಎಂದು ಕೇಳಿದನು. ನಾನು ನೋಡಿರಲಿಲ್ಲ. ಅವನು ತನ್ನ ಫೋನನ್ನು ನಮ್ಮ ಮನೆಯ ಜಾಲಕ್ಕೆ ಸೇರಿಸಿ ಕಂಪ್ಯೂಟರಿನ ಬಾಗಿಲು ತಟ್ಟಿದನು. ತಂಗಿಗೆ ಬಂದ ಉತ್ತರವೇ ಅವನಿಗೂ ಬಂದಿತು: ನಿರಾಕರಿಸಲಾಗಿದೆ. ಆ ಪ್ರಶ್ನೆಯೂ ಆ ಉತ್ತರವೂ ನಮ್ಮ ಮನೆಯ ಹೊಸ್ತಿಲನ್ನು ದಾಟಿ ಹೋಗಿರಲಿಲ್ಲ. ಹೊರಗಿನ ತಂತಿಗೂ ಈ ದೋಷಕ್ಕೂ ಸಂಬಂಧವಿಲ್ಲವೆಂಬುದು ಆ ಕ್ಷಣದಲ್ಲಿ ಸಿದ್ಧವಾಯಿತು.

ಲಿನಕ್ಸಿನಲ್ಲಿ 'ಎಸ್‌ಎಸ್' ಎಂಬ ಒಂದು ಆಜ್ಞೆಯಿದೆ. ಯಂತ್ರದ ಯಾವ ಯಾವ ಬಾಗಿಲಿನಲ್ಲಿ ಯಾರಿಗಾಗಿ ಕಿವಿಗೊಟ್ಟಿದೆಯೆಂಬುದನ್ನು ಅದು ಪಟ್ಟಿಮಾಡಿ ತೋರಿಸುತ್ತದೆ. ಬರೆದು ನೋಡಿದೆನು. ಎಲ್ಲರಿಗಾಗಿ ತೆರೆದಿರಬೇಕಾಗಿದ್ದ ೮೦ನೆಯ ಬಾಗಿಲಿನ ಮುಂದೆ ೧೨೭.೦.೦.೧ ಎಂಬ ಸಂಖ್ಯೆಯಿದ್ದಿತು. ಶನಿವಾರ ರಾತ್ರಿ ಹೊಸ ಪುಟಗಳ ಜೋಡಣೆಯನ್ನು ಪರರ ಕಣ್ಣಿಗೆ ಬೀಳದಂತೆ ಪರೀಕ್ಷಿಸುವುದಕ್ಕೆಂದು ಅದನ್ನು ಬರೆದವನು ನಾನೇ. ಬರೆದು, ಮರೆತು, ಮಲಗಿದ್ದೆನು.

ಈ ಸಂಖ್ಯೆಯ ಅರ್ಥವನ್ನು ಸ್ವಲ್ಪ ವಿವರಿಸಬೇಕು. ಇಂಟರ್ನೆಟ್ಟಿನಲ್ಲಿ ಪ್ರತಿಯೊಂದು ಯಂತ್ರಕ್ಕೂ ಅಂಕೆಗಳಿಂದಾದ ವಿಳಾಸವುಂಟು. ಹಳೆಯ ಕ್ರಮದ ವಿಳಾಸಗಳಲ್ಲಿ ೧೨೭ ಎಂದು ಮೊದಲಾಗುವ ಒಂದು ಕೋಟಿ ಅರುವತ್ತೇಳು ಲಕ್ಷಕ್ಕೂ ಮಿಕ್ಕ ಸಂಖ್ಯೆಗಳನ್ನು ಯಂತ್ರವು ತನ್ನೊಡನೆ ತಾನೇ ಮಾತನಾಡಿಕೊಳ್ಳುವುದಕ್ಕಾಗಿ ಮೀಸಲಿಟ್ಟಿದ್ದಾರೆ. ಆ ವಿಳಾಸಕ್ಕೆ ಕಳುಹಿಸಿದ ಮಾತು ತಂತಿಯನ್ನು ಮುಟ್ಟುವುದೇ ಇಲ್ಲ. ಒಳಗೇ ಹೊರಟು ಒಳಗೇ ಹಿಂದಿರುಗುತ್ತದೆ. ನನ್ನ ಸರ್ವರ್ ಆ ದಿನ ತನ್ನ ಮಾತಿಗೆ ಮಾತ್ರ ಕಿವಿಗೊಡುತ್ತಿತ್ತು. ನಾನು ಅದರ ಮುಂದೆಯೇ ಕುಳಿತು ಕೇಳಿದುದರಿಂದ ಅದು ಸರಿಯಾಗಿಯೇ ಉತ್ತರ ಕೊಟ್ಟಿತು.

ಈಗ ನನ್ನ ತರ್ಕದ ತಪ್ಪುಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಕಾಕತಾಲೀಯ. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಕಾರ್ಯಕಾರಣಭಾವವನ್ನು ಕಲ್ಪಿಸಿದವನಂತೆ, ಹುಡುಗನು ಬಂದು ಹೋದುದನ್ನೂ ಪುಟ ತೆರೆಯದುದನ್ನೂ ನಾನು ಗಂಟುಹಾಕಿದೆನು. ಅವೆರಡರ ನಡುವೆ ನನ್ನ ಕೈಯೂ ಓಡಾಡಿದ್ದುದು ನೆನಪಿಗೆ ಬರಲಿಲ್ಲ. ಎರಡನೆಯದು ಆಪ್ತವಾಕ್ಯದ ಅನಾದರ. ತಂಗಿಯು ತೆರೆಯ ಮೇಲಿನ ಮಾತನ್ನು ಇದ್ದಂತೆಯೇ ಓದಿ ಹೇಳಿದ್ದಳು. ನಿರಾಕರಣೆಯೂ ಒಂದು ಉತ್ತರವಷ್ಟೆ! ತಂತಿಯು ಕಡಿದಿದ್ದರೆ ನಿರಾಕರಿಸುವವರಾದರೂ ಯಾರು? ಪ್ರಶ್ನೆಯು ನಮ್ಮ ಮನೆಯವರೆಗೆ ಬಂದಿತ್ತು. ಇಲ್ಲವೆಂದು ಹೇಳಿದುದು ಪೆಟ್ಟಿಗೆಯೋ ಕಂಪ್ಯೂಟರೋ, ಎರಡೂ ನನ್ನ ಮನೆಯೊಳಗಿನವು. ದೂರು ಬರೆಯಿಸುವ ಮುನ್ನವೇ ಸಾಕ್ಷ್ಯವು ನನ್ನ ಕೈಸೇರಿತ್ತು.

ಇದಕ್ಕೆ ವಿರುದ್ಧವಾದ ಎಚ್ಚರಿಕೆಯೂ ಉಂಟು. ೧೯೮೩ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮೂಸ್ ಎಂಬವರು, ತಮ್ಮಲ್ಲಿಯ ಜಾಲದ ವಿಚಿತ್ರ ವರ್ತನೆಯ ಕಾರಣವನ್ನು ಹುಡುಕಲೆಂದು 'ಪಿಂಗ್' ಎಂಬ ಸಣ್ಣ ಸಾಧನವನ್ನು ರಚಿಸಿದರು. ಜಲಾಂತರ್ಗಾಮಿ ನೌಕೆಗಳನ್ನು ಹುಡುಕುವ ಸೋನಾರಿನ ಧ್ವನಿಯಿಂದ ಆ ಹೆಸರು ಬಂದಿತು. "ಇದ್ದೀಯಾ?" ಎಂದು ಕೂಗಿ, ಪ್ರತಿಧ್ವನಿಗೆ ಕಾಯುವುದು ಅದರ ಕೆಲಸ. ಉತ್ತರ ಬಂದರೆ ಅತ್ತಣ ಯಂತ್ರವು ಇದೆಯೆಂದು ನಿಶ್ಚಯ. ಬಾರದಿದ್ದರೆ ಇಲ್ಲವೆನ್ನಬಹುದೆ? ಎನ್ನಲಾಗದು. ಇಂಥ ಕೂಗಿಗೆ ಓಗೊಡದಿರುವಂತೆ ನಿಯಮಿಸಿದ ಯಂತ್ರಗಳು ಎಷ್ಟೋ ಇವೆ. ಕಾಣಿಸತಕ್ಕ ಸನ್ನಿವೇಶವಿದ್ದೂ ಕಾಣಿಸದಿದ್ದರೆ ಮಾತ್ರ ಅಭಾವವನ್ನು ಹೇಳಬಹುದೆಂದು ನಮ್ಮ ಮೀಮಾಂಸಕರು ವಿಧಿಸಿದ ನಿಯಮವು ಇಲ್ಲಿಯೂ ಸಲ್ಲುತ್ತದೆ. ನಿರಾಕರಣೆಯನ್ನು ಮೌನವೆಂದೂ ಮೌನವನ್ನು ಮರಣವೆಂದೂ ತಿಳಿಯುವವನು ಯಂತ್ರಗಳ ವಿಷಯದಲ್ಲಿ ಮಾತ್ರವೇ ಎಡವುವುದಿಲ್ಲ.

ಬಲ್ಲವರ ಕ್ರಮವು ಹೀಗಿದೆ. ಮೊದಲು ೧೨೭.೦.೦.೧ಕ್ಕೆ ಕೂಗಿ ತನ್ನ ಯಂತ್ರದ ಸ್ವಾಸ್ಥ್ಯವನ್ನು ತಿಳಿಯುವುದು. ಆಮೇಲೆ ಮನೆಯ ಪೆಟ್ಟಿಗೆಗೆ. ಆಮೇಲೆ ಹೊರಗಿನ ಯಾವುದಾದರೊಂದು ಸಂಖ್ಯೆಗೆ. ಕೊನೆಗೆ ಸಂಖ್ಯೆಯನ್ನು ಬಿಟ್ಟು ಹೆಸರಿನಿಂದ ಕರೆದು ನೋಡುವುದು. ಸಂಖ್ಯೆಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ ದಾರಿ ಕೆಟ್ಟಿಲ್ಲ. ಹೆಸರಿನಿಂದ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆ ಕೆಟ್ಟಿದೆಯೆಂದು ತಿಳಿಯುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕೆಂಬುದು ಇನ್ನೊಂದು ನಿಯಮ. ಇದ್ದರೆ ಇರುವುದು, ಇಲ್ಲದಿದ್ದರೆ ಇಲ್ಲದಿರುವುದು ಎಂಬ ಅನ್ವಯವ್ಯತಿರೇಕವೇ ಇದು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದವನಿಗೆ ರೋಗ ವಾಸಿಯಾದರೂ ಔಷಧ ಯಾವುದೆಂದು ತಿಳಿಯದು. ಎಲ್ಲವನ್ನೂ ಒಮ್ಮೆ ಆರಿಸಿ ಹೊತ್ತಿಸುವುದು ಎಲ್ಲರೂ ಬಲ್ಲ ಉಪಾಯ. ಅದರಿಂದ ಕೆಲಸವಾಗುವುದೂ ಉಂಟು. ಆದರೆ ಅದು ಪ್ರಶ್ನೆಯನ್ನು ಅಳಿಸುತ್ತದೆಯೇ ಹೊರತು ಬಿಡಿಸುವುದಿಲ್ಲ.

ಹಾಗಾದರೆ ಎಲ್ಲ ದೋಷವನ್ನೂ ತನ್ನಲ್ಲಿಯೇ ಹುಡುಕತಕ್ಕದ್ದೆಂಬುದು ಇದರ ನೀತಿಯೆ? ಹಾಗೆ ಹೇಳುವುದು ಸುಲಭ, ಕೇಳುವುದಕ್ಕೂ ಹಿತ. ಆದರೆ ಅದು ನಿಜವಲ್ಲ. ೨೦೨೧ರ ಅಕ್ಟೋಬರ್ ೪ರಂದು ಫೇಸ್‌ಬುಕ್ಕೂ ಅದರ ಒಡೆತನದ ವಾಟ್ಸಾಪ್ ಮುಂತಾದುವೂ ಸುಮಾರು ಆರು ಗಂಟೆಗಳ ಕಾಲ ಲೋಕದಲ್ಲೆಲ್ಲ ನಿಂತುಹೋದುವು. ದುರಸ್ತಿಯ ಕಾಲದಲ್ಲಿ ಕೊಟ್ಟ ಒಂದು ಆಜ್ಞೆಯು ಅವರ ಕೇಂದ್ರಗಳನ್ನು ಜೋಡಿಸಿದ್ದ ದಾರಿಗಳನ್ನು ಕಡಿಯಿತು. ಅಂಥ ಆಜ್ಞೆಯನ್ನು ತಡೆಯಬೇಕಾಗಿದ್ದ ಪರೀಕ್ಷಕ ಸಾಧನದಲ್ಲಿಯೇ ದೋಷವಿದ್ದಿತು. ಅವರ ಹೆಸರುಗಳನ್ನು ತಿಳಿಸುವ ಸರ್ವರ್‌ಗಳು ಜೀವಂತವಾಗಿದ್ದರೂ ಅವನ್ನು ತಲಪುವ ದಾರಿ ಲೋಕಕ್ಕೆ ತಿಳಿಯದೆ ಹೋಯಿತು. ಆ ದಿನ ತನ್ನ ಮನೆಯ ಪೆಟ್ಟಿಗೆಯನ್ನು ನಿಂದಿಸಿದವನೂ, ತನ್ನ ಅಜ್ಞಾನವನ್ನು ಹಳಿದುಕೊಂಡವನೂ ಸಮನಾಗಿ ತಪ್ಪಿದರು. ಆತ್ಮನಿಂದೆಯು ವಿನಯದ ವೇಷವನ್ನು ಧರಿಸಿದ ಮಾತ್ರದಿಂದ ಸತ್ಯವಾಗುವುದಿಲ್ಲ. ಪರೀಕ್ಷೆಯು ತನ್ನಿಂದ ಆರಂಭವಾಗತಕ್ಕದ್ದು ಏತಕ್ಕೆಂದರೆ, ತಾನು ತನಗೆ ಅತ್ಯಂತ ಸಮೀಪದಲ್ಲಿರುವನು; ಅಲ್ಲಿ ನೋಡುವುದಕ್ಕೆ ಯಾರನ್ನೂ ನೋಯಿಸಬೇಕಾಗಿಲ್ಲ. ಅಪರಾಧಿಯು ಅಲ್ಲಿಯೇ ಇದ್ದಾನೆಂಬ ಕಾರಣದಿಂದಲ್ಲ.

ನನ್ನ ಸಂಗತಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ಪಾಠವುಂಟೆಂದು ನನಗೆ ತೋರುತ್ತದೆ. ನಾನು ಆತ್ಮಪರೀಕ್ಷೆಯನ್ನು ಬಿಟ್ಟಿರಲಿಲ್ಲ. ಮಾಡಿದ್ದೆನು, ಯಂತ್ರವನ್ನು ಯಂತ್ರದಿಂದಲೇ ಕೇಳಿ, ಸರಿಯೆಂಬ ಉತ್ತರವನ್ನು ಪಡೆದು, ಆ ಬಲದಿಂದಲೇ ಪರರ ಮೇಲೆ ತಪ್ಪು ಹೊರಿಸಿದ್ದೆನು. ತನ್ನನ್ನು ತಾನು ಕೇಳಿಕೊಂಡವನಿಗೆ ಬಹುಮಟ್ಟಿಗೆ ಸಮಾಧಾನಕರವಾದ ಉತ್ತರವೇ ಬರುತ್ತದೆ. ನನ್ನ ಮಾತು ಹೊಸ್ತಿಲಿನಾಚೆಗೆ ಕೇಳಿಸುತ್ತದೆಯೆ ಎಂಬುದನ್ನು ಹೊಸ್ತಿಲಿನಾಚೆ ನಿಂತವನು ಮಾತ್ರ ಹೇಳಬಲ್ಲನು. ಆದಕಾರಣ ಆತ್ಮಪರೀಕ್ಷೆಯು ಪೂರ್ಣವಾಗಬೇಕಾದರೆ ಅದರಲ್ಲಿ ಇನ್ನೊಬ್ಬನ ಕಣ್ಣು ಬೇಕು. ನನ್ನ ಪಾಲಿಗೆ ಆ ಕಣ್ಣು ನಾನು ಗದರಿದ ಹುಡುಗನದೇ ಆಯಿತು.

ಹೊರಡುವಾಗ ಅವನು, "ದೂರನ್ನು ವಾಪಸು ತೆಗೆದುಕೊಂಡುಬಿಡಿ, ಮೇಷ್ಟ್ರೇ, ಇಲ್ಲದಿದ್ದರೆ ನನ್ನ ಹೆಸರಿನಲ್ಲಿ ನಿಲ್ಲುತ್ತದೆ," ಎಂದಷ್ಟೇ ಹೇಳಿದನು. ನಾನು ಫೋನು ಮಾಡಿದಾಗ, ದೋಷವನ್ನು ಸರಿಪಡಿಸಲಾಯಿತೆಂದು ಬರೆದು ದೂರನ್ನು ಮುಗಿಸಿಯಾಗಿದೆ ಎಂದರು. ಅಂದರೆ ಲೈನಿನಲ್ಲಿ ದೋಷವಿದ್ದಿತೆಂದೇ ಆಯಿತಷ್ಟೆ. ದೂರಿದವನದೇ ತಪ್ಪೆಂದು ಬರೆಯುವುದಕ್ಕೆ ಅವರ ಪಟ್ಟಿಯಲ್ಲಿ ಸ್ಥಳವಿರಲಿಲ್ಲ. ವೆಬ್ ಸರ್ವರ್‌ಗಳ ಲೋಕದಲ್ಲಿ ಇದಕ್ಕಿಂತ ಹೆಚ್ಚಿನ ಮರ್ಯಾದೆಯುಂಟು: ಕೇಳಿದವನ ತಪ್ಪಾದರೆ ೪೦೦ರಿಂದ ಮೊದಲಾಗುವ ಸಂಖ್ಯೆಯನ್ನೂ, ಸರ್ವರಿನ ತಪ್ಪಾದರೆ ೫೦೦ರಿಂದ ಮೊದಲಾಗುವ ಸಂಖ್ಯೆಯನ್ನೂ ಹೇಳಬೇಕೆಂದು ಅಲ್ಲಿ ನಿಯಮವಿದೆ. ತನ್ನ ತಪ್ಪನ್ನು ತನ್ನದೆನ್ನುವುದಕ್ಕೆ ಯಂತ್ರಕ್ಕೊಂದು ಅಂಕೆಯನ್ನು ಕೊಟ್ಟವರು ನಮಗೆ ಕೊಡುವುದನ್ನು ಮರೆತಿದ್ದಾರೆ.

ಕೆಟ್ಟುದನ್ನು ಸರಿಪಡಿಸಿದೊಡನೆ ಯಂತ್ರದ ಲೆಕ್ಕವು ತೀರುತ್ತದೆ; ಅದಕ್ಕೆ ಹಿಂದಿನ ನೋವಿಲ್ಲ. ಮನುಷ್ಯರ ಲೆಕ್ಕವು ಹಾಗೆ ತೀರುವುದಿಲ್ಲ. ಪುಟವು ತೆರೆದುದರಿಂದ ತಂಗಿಗೆ ಸಂತೋಷವಾಯಿತೇ ಹೊರತು ಹುಡುಗನ ಹೆಸರು ಶುದ್ಧವಾಗಲಿಲ್ಲ. ತಪ್ಪು ನನ್ನದೆಂದೂ, ಅವನು ಅದನ್ನು ಕಂಡುಹಿಡಿದುಕೊಟ್ಟನೆಂದೂ ಕಂಪನಿಗೆ ಒಂದು ಕಾಗದವನ್ನು ಬರೆದು, ಅದರ ಪ್ರತಿಯೊಂದನ್ನು ಅವನಿಗೆ ಕಳುಹಿಸಿದೆನು. 'ನೀನು' ಎಂದು ಗದರಿದ್ದವನಿಗೆ ಆ ಕಾಗದದಲ್ಲಿ 'ನೀವು' ಎಂದು ಬರೆದೆನು. ಯಂತ್ರದೊಳಗಿನ ಆ ಒಂದು ಸಾಲನ್ನು ತಿದ್ದುವುದಕ್ಕೆ ಅರೆನಿಮಿಷವೂ ಹಿಡಿಯಲಿಲ್ಲ. ಕಾಗದವನ್ನು ಬರೆದು ಮುಗಿಸುವುದಕ್ಕೆ ಮೂರು ದಿನಗಳಾದುವು.