ತಾಳದವರ ಕೈಗೆ ರಾಗ

‘ರಂಬಲ್ ಫಿಶ್’ ಚಿತ್ರ ತೆರೆಕಂಡದ್ದು 1983ರಲ್ಲಿ. ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ ಅದಕ್ಕೆ ಮೊದಲು ಬಯಸಿದ್ದು ಬರೀ ತಾಳವನ್ನು. ಹೊತ್ತು ಮೀರುತ್ತಿದೆ ಎಂಬ ಭಾವ ಬಡಿತದಲ್ಲೇ ಮೂಡಲಿ ಎಂದು ‘ದಿ ಪೊಲೀಸ್’ ರಾಕ್ ತಂಡದ ಡ್ರಮ್ ವಾದಕ ಸ್ಟೂವರ್ಟ್ ಕೋಪ್‌ಲ್ಯಾಂಡ್ ಅವರನ್ನು ಕರೆಸಿದರು. ಅವರ ಕೈಚಳಕ ಕಂಡ ಮೇಲೆ ಇಡೀ ಚಿತ್ರದ ಸಂಗೀತವನ್ನೇ ಒಪ್ಪಿಸಿಬಿಟ್ಟರು. ಕೋಪ್‌ಲ್ಯಾಂಡ್ ಊರಿನ ಬೀದಿ ಸದ್ದುಗಳನ್ನು ಹಿಡಿದು ತಂದು ವಾದ್ಯಗಳ ಜೊತೆ ಹೆಣೆದರು. ಬಾಲ್ಯವನ್ನು ಕೈರೊ, ಬೈರೂತ್‌ಗಳಲ್ಲಿ ಕಳೆದ ಅವರ ಕಿವಿಯಲ್ಲಿ ಅರಬ್ ತಾಳಗಳು ಆಗಲೇ ಮನೆ ಮಾಡಿದ್ದವು.

ಆಮೇಲೆ ‘ವಾಲ್ ಸ್ಟ್ರೀಟ್’ ಸಿನಿಮಾ, 1989ರಲ್ಲಿ ಒಂದು ಒಪೆರಾ, 1998ರಲ್ಲಿ ಮಕ್ಕಳ ವಿಡಿಯೊ ಗೇಮ್‌ಗೂ ಸಂಗೀತ. 2021ರಲ್ಲಿ ನಮ್ಮ ಬೆಂಗಳೂರಿನ ಸಂಗೀತ ಸಂಯೋಜಕ ರಿಕ್ಕಿ ಕೇಜ್ ಜೊತೆಗೂಡಿ ‘ಡಿವೈನ್ ಟೈಡ್ಸ್’ ಆಲ್ಬಂ ತಂದರು. ಅದಕ್ಕೆ 2022ರಲ್ಲಿ ಒಂದು, 2023ರಲ್ಲಿ ಇನ್ನೊಂದು ಗ್ರ್ಯಾಮಿ. ದಂತವೈದ್ಯಕೀಯ ಓದಿದ ಕೇಜ್ ಕೂಡ ರಾಕ್ ತಂಡದಲ್ಲಿ ಕೀಬೋರ್ಡ್ ನುಡಿಸಿ ಬಂದವರು.

ಬಡಿಯುವವರು ರಾಗ ಕಟ್ಟುವುದು ಸವದತ್ತಿಯ ಯಲ್ಲಮ್ಮನ ಗುಡ್ಡ ಕಂಡವರಿಗೆ ಸೋಜಿಗವೇನಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಅಲ್ಲಿ ಕೇಳುವ ಚೌಡ್ಕಿಯನ್ನೇ ನೋಡಿ. ಮರದ ಕೊಳವೆಯ ತಳಕ್ಕೆ ಚರ್ಮ. ಚರ್ಮದ ನಡುವಿನಿಂದ ಹೊರಟ ತಂತಿ ಮೇಲಿನ ಬಿರಡೆಗೆ ಬಿಗಿದಿರುತ್ತದೆ. ಕಂಕುಳಲ್ಲಿ ಅವುಚಿಕೊಂಡು ಮೀಟಿದರೆ ಲಯವೂ ಬಂತು, ಶ್ರುತಿಯೂ ಬಂತು. ಅದರ ಮೇಲೆಯೇ ಜೋಗತಿ ಪದ ಹಾಡುತ್ತಾಳೆ, ನಡುನಡುವೆ ಕಥೆ ಹೇಳುತ್ತಾಳೆ. ವಾದಕಿ, ಗಾಯಕಿ, ಸಂಯೋಜಕಿ ಎಲ್ಲವೂ ಅವಳೊಬ್ಬಳೇ.

ಆದರೆ ಅವಳನ್ನು ಸಂಯೋಜಕಿ ಎಂದು ಯಾರೂ ಕರೆಯುವುದಿಲ್ಲ. ಬೈಲಹೊಂಗಲ, ರಾಮದುರ್ಗ ಕಡೆಯ ಹಲಗಿ, ಕರಡಿ ಮಜಲಿನವರ ಪಾಡೂ ಅಷ್ಟೇ. ಜಾತ್ರೆಗೆ ಅವರು ಬೇಕು, ಮೊಹರಂಗೆ ಬೇಕು, ಮೆರವಣಿಗೆಯ ಮುಂದೆ ಅವರೇ ಇರಬೇಕು. ಮೆರವಣಿಗೆ ವೇದಿಕೆ ಮುಟ್ಟಿತೋ, ಅವರ ಕೆಲಸ ಮುಗಿಯಿತೆಂದು ಬಗೆಯುತ್ತೇವೆ. ಚರ್ಮ ಮುಟ್ಟುವ ಕೈಯನ್ನು ಕೀಳೆಂದ ಜಾತಿಬುದ್ಧಿ ಇದರ ಬೇರಿನಲ್ಲಿದೆ. ಅದನ್ನು ಮುಚ್ಚಿಟ್ಟು ಕಲೆಯ ಮಾತಾಡುವುದು ನ್ಯಾಯವಲ್ಲ.

ಇಟಲಿಯ ಸಲೆಂತೊ ಸೀಮೆಯಲ್ಲೂ ಹಳ್ಳಿಯ ತಮಟೆಯ ಕುಣಿತವಿದೆ. ಅದಕ್ಕಾಗಿಯೇ ನಡೆಯುವ ದೊಡ್ಡ ಉತ್ಸವದಲ್ಲಿ 2003ರ ಸಂಗೀತದ ಹೊಣೆಯನ್ನು ಇದೇ ಕೋಪ್‌ಲ್ಯಾಂಡ್ ಅವರಿಗೆ ಒಪ್ಪಿಸಿದ್ದರು. ಊರಿನ ವಾದಕರನ್ನೇ ನಡುವೆ ನಿಲ್ಲಿಸಿಕೊಂಡು ಅವರು ಸಂಗೀತ ಹೊಂದಿಸಿದರು.

ಪ್ರತಿ ಅಕ್ಟೋಬರಿನಲ್ಲಿ ನಮ್ಮಲ್ಲೂ ಕಿತ್ತೂರು ಉತ್ಸವ ನಡೆಯುತ್ತದೆ. ಅದರ ಒಂದು ಸಂಜೆಯನ್ನು ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳ ಹಲಗಿ, ಕರಡಿ, ಚೌಡ್ಕಿಯವರ ಕೈಗೆ ಪೂರ್ತಿ ಒಪ್ಪಿಸಬೇಕು. ಏನು ನುಡಿಸಬೇಕೆಂದು ಅವರೇ ಕಟ್ಟಲಿ. ಸಂಯೋಜಕರಿಗೆ ಸಲ್ಲುವ ಸಂಭಾವನೆ ಅವರಿಗೂ ಸಲ್ಲಲಿ, ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರು ಅಚ್ಚಾಗಲಿ.