ಹಸಿದರೆ ತಾನೇ ಕುಡಿಯುತ್ತದೆಯೇ?

ಎದೆಹಾಲು ಕುಡಿಯುವ ಕೂಸು ಬಾಟಲಿ ಬೇಡವೆಂದು ಮುಖ ತಿರುಗಿಸಿದರೆ ಅದರಲ್ಲಿ ನೀತಿಶಾಸ್ತ್ರಕ್ಕೇನು ಕೆಲಸ ಎಂದು ನೀವು ಕೇಳಬಹುದು. ಅದು ಅಜ್ಜಿಯಂದಿರ ವಿಷಯ, ಹೆಚ್ಚೆಂದರೆ ಮಕ್ಕಳ ಡಾಕ್ಟರ ವಿಷಯ. ಸ್ವಾಮಿಯವರಿಗೆ ಅದರ ಗೊಡವೆ ಏಕೆ? ಅರ್ಧ ಒಪ್ಪುತ್ತೇನೆ. ಆದರೆ ಕುಟುಂಬಗಳ ಭೇಟಿಗೆ ಹೋದಾಗಲೆಲ್ಲ ಒಂದು ಮಾತು ನನ್ನ ಕಿವಿಗೆ ಬೀಳುತ್ತಿರುತ್ತದೆ. ಆ ಮಾತನ್ನು ನಿಮ್ಮ ಮುಂದಿಟ್ಟು ತೂಗಿ ನೋಡಬೇಕೆನಿಸಿದೆ.

ಸನ್ನಿವೇಶ ನಿಮಗೆ ಗೊತ್ತಿರುವುದೇ. ಬಾಣಂತನ ಮುಗಿದಿದೆ, ಬರುವ ಸೋಮವಾರ ತಾಯಿ ಕೆಲಸಕ್ಕೆ ಹೊರಡಬೇಕು. ತನ್ನ ಹಾಲನ್ನೇ ಹಿಂಡಿ ಬಾಟಲಿಗೆ ತುಂಬಿ ಕೊಟ್ಟರೂ ಮಗು ನಿಪ್ಪಲನ್ನು ನಾಲಗೆಯಿಂದ ಹೊರಕ್ಕೆ ತಳ್ಳುತ್ತದೆ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಅಳುತ್ತದೆ. ಸ್ವಲ್ಪ ಹೊತ್ತಿಗೆ ತಾಯಿಯೂ ಅಳುತ್ತಾಳೆ. ಆಗ ಮನೆಯ ಹಿರಿಯರೊಬ್ಬರು ಹೇಳುತ್ತಾರೆ: "ಹಠ ಕಣಮ್ಮ ಅದು. ನೀನು ಎತ್ತಿಕೊಳ್ಳಬೇಡ, ಸುಮ್ಮನೆ ಬಿಡು. ಹೊಟ್ಟೆ ಹಸಿದರೆ ತಾನೇ ಕುಡಿಯುತ್ತೆ."

ಹೀಗೆ ಹೇಳುವವರು ಕಲ್ಲು ಮನಸ್ಸಿನವರಲ್ಲ. ನಾಲ್ಕಾರು ಮಕ್ಕಳನ್ನು ಸಾಕಿ ಬೆಳೆಸಿದವರು, ಸೊಸೆಯ ಸಂಕಟ ನೋಡಲಾರದೆ ಹೇಳುವವರು. ಆದರೂ ಈ ಮಾತಿನ ಒಳಗೆ ಎರಡು ತೀರ್ಪುಗಳು ಅಡಗಿವೆ. ಮಗು ಮಾಡುತ್ತಿರುವುದು ಹಠ ಎಂಬುದು ಒಂದು. ಹಠವನ್ನು ಹಸಿವಿನಿಂದ ಮುರಿಯಬಹುದು ಎಂಬುದು ಇನ್ನೊಂದು.

ಮೊದಲನೆಯದಕ್ಕೆ ದೊಡ್ಡವರ ಬೆಂಬಲವೇ ಇದೆ. ಸಂತ ಅಗಸ್ಟೀನರು ತಮ್ಮ ಆತ್ಮಕಥನದ ಆರಂಭದಲ್ಲೇ, ಎದೆಹಾಲಿಗಾಗಿ ತಾನು ಅಳುತ್ತಿದ್ದುದೂ ಪಾಪವಾಗಿತ್ತೇ ಎಂದು ತಮ್ಮನ್ನು ಕೇಳಿಕೊಳ್ಳುತ್ತಾರೆ. ತನ್ನೊಂದಿಗೆ ಹಾಲು ಹಂಚಿಕೊಳ್ಳುವ ಮತ್ತೊಂದು ಮಗುವನ್ನು ಕಂಡು ಹೊಟ್ಟೆಕಿಚ್ಚಿನಿಂದ ಬಿಳಿಚಿಕೊಂಡ ಕೂಸನ್ನು ಕಣ್ಣಾರೆ ಕಂಡೆನೆಂದೂ ಬರೆಯುತ್ತಾರೆ. ಕೂಸಿನ ಮುಗ್ಧತೆ ಇರುವುದು ಅದರ ಕೈಕಾಲುಗಳ ದೌರ್ಬಲ್ಯದಲ್ಲಿ, ಮನಸ್ಸಿನಲ್ಲಿ ಅಲ್ಲ ಎಂಬುದು ಅವರ ಅಭಿಪ್ರಾಯ. ಅಂಥ ಮಹಾನುಭಾವರ ಎದುರು ಮಾತನಾಡಲು ಸಂಕೋಚವಾಗುತ್ತದೆ. ಆದರೂ ಈ ವಿಷಯದಲ್ಲಿ ನಾನು ತಾಯಂದಿರ ಪಕ್ಷ.

ಯೋಚಿಸಿ ನೋಡಿ. ಹುಟ್ಟಿದ ಕೆಲವೇ ದಿನಗಳಲ್ಲಿ ಕೂಸು ತನ್ನ ತಾಯಿಯ ವಾಸನೆಯನ್ನು ಗುರುತಿಸುತ್ತದೆ. ಎದೆಹಾಲು ಇಳಿಯುವ ತನಕ ಚೀಪುತ್ತಾ ಕಾಯಬೇಕು, ಬಾಯಿ ಅಗಲ ತೆರೆದು ನಾಲಗೆ ದವಡೆ ಎರಡನ್ನೂ ದುಡಿಸಬೇಕು, ಸಾಕೆನಿಸಿದಾಗ ಬಿಡಬೇಕು: ಇಷ್ಟನ್ನೂ ಅದು ಕಲಿತಿದೆ. ಈಗ ಬಾಯಿಗೆ ಬಂದಿರುವುದು ಬೇರೆ ಆಕಾರದ ರಬ್ಬರು. ಬಾಟಲಿ ಬಗ್ಗಿಸಿದ ಕೂಡಲೇ, ನುಂಗುವುದಕ್ಕೂ ಮೊದಲು, ಹಾಲು ಬಾಯಿ ತುಂಬುತ್ತದೆ. ತನಗೆ ಗೊತ್ತಿರುವುದನ್ನು ಬಲ್ಲ ಮಗು ಗೊತ್ತಿಲ್ಲದ್ದನ್ನು ಬೇಡವೆನ್ನುತ್ತಿದೆ. ಇದನ್ನು ಹಠವೆಂದು ಕರೆಯುವುದಾದರೆ ನಮ್ಮಲ್ಲಿ ಹಠವಿಲ್ಲದವರು ಯಾರು?

ಎರಡನೆಯ ತೀರ್ಪು ಇನ್ನೂ ಗಂಭೀರ. ಒಂದು ಕೃತ್ಯ ಒಳ್ಳೆಯದೆನಿಸಬೇಕಾದರೆ ಉದ್ದೇಶ ಒಳ್ಳೆಯದಾಗಿದ್ದರೆ ಸಾಲದು, ಕೃತ್ಯವೂ ಅದರ ಸನ್ನಿವೇಶವೂ ಒಳ್ಳೆಯದಾಗಿರಬೇಕು ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸುತ್ತಾರೆ. ಇಲ್ಲಿ ಉದ್ದೇಶದಲ್ಲಿ ದೋಷವಿಲ್ಲ. ಮಗುವಿನ ಹೊಟ್ಟೆ ತುಂಬಬೇಕು, ತಾಯಿ ದುಡಿಯಬೇಕು. ಆದರೆ ಆರಿಸಿಕೊಂಡ ದಾರಿ ಯಾವುದು? ತನ್ನನ್ನು ಕಾಪಾಡಿಕೊಳ್ಳಲಾರದ ಜೀವವೊಂದರ ಹಸಿವನ್ನು ಕೈಯಲ್ಲಿ ಹಿಡಿದು ಅದನ್ನು ನಮ್ಮ ಇಷ್ಟಕ್ಕೆ ಬಗ್ಗಿಸುವುದು. ಕೂಲಿ ತಡೆಹಿಡಿದು ಆಳನ್ನು ದಾರಿಗೆ ತರುವ ಧಣಿಯನ್ನು ನಾವು ಮೆಚ್ಚುವುದಿಲ್ಲ. ತೊಟ್ಟಿಲ ಬಳಿ ಅದೇ ಉಪಾಯ ನಮಗೆ ಜಾಣತನವಾಗಿ ಕಾಣುತ್ತದೆ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಬಾರದೆಂದು ನಾನು ಹೇಳುತ್ತಿಲ್ಲ. ಕಾಯುವುದು ಬೇರೆ, ಹಸಿವಿನಿಂದ ಸೋಲಿಸುವುದು ಬೇರೆ. ಹಸಿದು ಕಂಗಾಲಾದ ಕೂಸು ಹೊಸದನ್ನು ಕಲಿಯುವುದೂ ಇಲ್ಲ, ಅಳುವುದಷ್ಟೇ. ಆದ್ದರಿಂದಲೇ ತಿಳಿದವರು, ಸೋಮವಾರದ ತನಕ ಕಾಯದೆ ಎರಡು ಮೂರು ವಾರ ಮುಂಚೆಯೇ, ಮಗು ನಿದ್ದೆ ಮುಗಿಸಿ ನಗುನಗುತ್ತಿರುವಾಗ, ಅಲ್ಪಸ್ವಲ್ಪ ಹಸಿವಿರುವಾಗ ಪ್ರಯತ್ನಿಸಿ ಎನ್ನುತ್ತಾರೆ. ನಿಧಾನ ಹರಿಯುವ ನಿಪ್ಪಲಿರಲಿ, ಮಗುವನ್ನು ನೆಟ್ಟಗೆ ಕೂರಿಸಿಕೊಳ್ಳಿ, ಅದೇ ಬಾಯಿ ತೆರೆಯುವವರೆಗೆ ತುರುಕಬೇಡಿ. ನಿಪ್ಪಲಿಗೆ ಜೇನು ಸವರುವ ಅಭ್ಯಾಸವನ್ನಂತೂ ಬಿಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಅಪಾಯಕಾರಿ. ಹಗಲೆಲ್ಲ ಸ್ವಲ್ಪವೇ ಕುಡಿದು, ಅಮ್ಮ ಬಂದ ಮೇಲೆ ರಾತ್ರಿಯೆಲ್ಲ ಕುಡಿದು ಸರಿದೂಗಿಸುವ ಮಕ್ಕಳೂ ಇದ್ದಾರೆ. ಆದರೆ ಬಟ್ಟೆ ಒದ್ದೆಯಾಗುವುದು ಕಡಿಮೆಯಾದರೆ, ಮಗು ಮಂಕಾದರೆ, ಡಾಕ್ಟರ ಬಳಿಗೆ ಓಡಿ.

ಕುಡಿಸುವವರು ತಾಯಿಯಲ್ಲದೆ ಬೇರೆಯವರಾದರೆ ಒಳ್ಳೆಯದು, ತಾಯಿ ಆ ಹೊತ್ತಿನಲ್ಲಿ ಹೊರಗಿದ್ದರೆ ಇನ್ನೂ ಒಳ್ಳೆಯದು. ತಂದೆಯರೇ, ಪೇಪರ್ ಮಡಚಿಡಿ. ಇದು ನಿಮಗೂ ಹೇಳಿದ್ದು.

ಕೆಲವು ಮನೆಗಳಲ್ಲಿ ಅಜ್ಜಿ, ಸೊಸೆಯ ಉಟ್ಟ ಸೀರೆಯನ್ನು ಹೆಗಲಿಗೆ ಹೊದ್ದು ಹಾಲು ಕುಡಿಸುತ್ತಾರೆ. ಅಮ್ಮನ ವಾಸನೆಗೆ ಮಗು ಶಾಂತವಾಗುತ್ತದೆ. ತರ್ಕ ಓದಿದ ಕಾಲೇಜು ಹುಡುಗನೊಬ್ಬ, "ಫಾದರ್, ಇದು ಮಗುವಿಗೆ ಮಾಡಿದ ಮೋಸವಲ್ಲವೇ?" ಎಂದು ನನ್ನನ್ನು ಕೇಳಿದ. ಪ್ರಶ್ನೆ ಚೆನ್ನಾಗಿದೆ. ಮನಸ್ಸಿನಲ್ಲಿರುವುದಕ್ಕೆ ವಿರುದ್ಧವಾದುದನ್ನು ನಿಜವೆಂದು ಹೇಳಿದರೆ ಅದು ಸುಳ್ಳು. ಸೀರೆ ಏನನ್ನೂ ಹೇಳುವುದಿಲ್ಲ. ಹಾಲು ಅಮ್ಮನದೇ, ವಾಸನೆ ಅಮ್ಮನದೇ, ಅಮ್ಮ ಸಂಜೆ ಬರುವುದೂ ನಿಜ. ಇರುವ ನಿಜವನ್ನು ಮಗುವಿಗೆ ಅರ್ಥವಾಗುವ ಒಂದೇ ಭಾಷೆಯಲ್ಲಿ ತಿಳಿಸಿದಂತಾಯಿತು. ಹುಡುಗ ಒಪ್ಪಿದನೋ ಇಲ್ಲವೋ, ಅಜ್ಜಿ ಮಾತ್ರ ನಕ್ಕರು.

ಬಾಟಲಿಯೇ ಆಗಬೇಕೆಂದೂ ಇಲ್ಲ. ನಮ್ಮ ಹಿರಿಯರು ಬೆಳ್ಳಿಯದೋ ಹಿತ್ತಾಳೆಯದೋ ಒಳಲೆಯಲ್ಲಿ ಕೂಸುಗಳಿಗೆ ಹಾಲು ಹಾಕುತ್ತಿದ್ದರು. ಇಂದಿಗೂ ಆಸ್ಪತ್ರೆಗಳಲ್ಲಿ ಎದೆಗೆ ಬಾಯಿ ಹಾಕಲಾರದ ಎಳೆಗೂಸುಗಳಿಗೆ ಸ್ಟೀಲಿನ ಒಳಲೆಯಲ್ಲೇ ಹಾಲೂಡಿಸುತ್ತಾರೆ. ಬಾಟಲಿಯ ಮೂಲೆಗಳನ್ನು ತೊಳೆಯುವುದು ಕಷ್ಟ, ಒಳಲೆಯನ್ನು ಕುದಿಸಿ ತೆಗೆಯುವುದು ಸುಲಭ. ಹಾಲಿನ ಬಾಟಲಿಯ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯಿದೆ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಬಾಟಲಿಯನ್ನು ತಳ್ಳುವ ಎಷ್ಟೋ ಮಕ್ಕಳು ಒಳಲೆಯನ್ನೋ ಚಿಕ್ಕ ಲೋಟವನ್ನೋ ಒಪ್ಪುತ್ತವೆ. ಅಟ್ಟದ ಮೇಲೆ ಹುಡುಕಿ ನೋಡಿ.

ಹಾಲು ಒಲ್ಲದ ಕೂಸಿನ ಕಥೆ ಹೊಸದೂ ಅಲ್ಲ. ಬುಟ್ಟಿಯಲ್ಲಿ ತೇಲಿಬಂದ ಮೋಶೆ ಈಜಿಪ್ಟಿನ ದಾದಿಯರ ಹಾಲನ್ನು ಕುಡಿಯಲೊಪ್ಪಲಿಲ್ಲ ಎಂದು ಯೆಹೂದ್ಯರ ಹಳೆಯ ಪರಂಪರೆ ಹೇಳುತ್ತದೆ. ಕುರಾನಿನಲ್ಲೂ ಇದರ ಪ್ರಸ್ತಾಪವಿದೆ. ನಮ್ಮ ವಿಮೋಚನಾಕಾಂಡದಲ್ಲಿ ಆ ವಿವರವಿಲ್ಲ, ಮುಂದಿನದು ಇದೆ. ಫರೋಹನ ಮಗಳು ದಾದಿಯೊಬ್ಬಳನ್ನು ಕರೆಸಿದಳು. ಬಂದವಳು ಹೆತ್ತ ತಾಯಿಯೇ. ತನ್ನ ಮಗುವಿಗೆ ಹಾಲೂಡಿಸಲು ಅವಳಿಗೆ ಅರಮನೆಯಿಂದ ಸಂಬಳ! ಅಲ್ಲಿ ಯಾರೂ ಮಗುವನ್ನು ಹಸಿವಿನಿಂದ ಬಗ್ಗಿಸಲಿಲ್ಲ. ಬದಲಾದದ್ದು ದೊಡ್ಡವರ ಏರ್ಪಾಡು.

ಇಲ್ಲಿಗೆ ಬಂದಾಗ ಪ್ರಶ್ನೆ ತೊಟ್ಟಿಲನ್ನು ಬಿಟ್ಟು ಹೊರಗೆ ಬರುತ್ತದೆ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಹೆರಿಗೆಗಳಿಗೆ ಸಂಬಳ ಸಹಿತ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಮಕ್ಕಳನ್ನು ಸಾಕುವ ತಾಯಿಗೆ ಭತ್ಯೆ ಸಲ್ಲಬೇಕೆಂಬ ಮಾತನ್ನು ಜಗದ್ಗುರು ಎರಡನೇ ಜಾನ್ ಪಾಲ್ 1981ರಲ್ಲೇ ದುಡಿಮೆಯನ್ನು ಕುರಿತ ವಿಶ್ವಪತ್ರದಲ್ಲಿ ಎತ್ತಿದ್ದರು. ಆದರೆ ಮನೆಗೆಲಸದವಳಿಗೆ, ಗಾರೆ ಕೆಲಸದವಳಿಗೆ ಆ 26 ವಾರ ಎಲ್ಲಿದೆ? ಒಂದು ತಿಂಗಳು ಬರದಿದ್ದರೆ ಆ ಮನೆಗೆ ಇನ್ನೊಬ್ಬಳು ಬಂದಿರುತ್ತಾಳೆ. ಅವಳ ಮಗು ಬಾಟಲಿ ತಳ್ಳಿದರೆ ಸೀರೆ ಹೊದ್ದು ಕೂರಲು ಅಜ್ಜಿಯೂ ಇಲ್ಲ, ಹಿಂಡಿದ ಹಾಲನ್ನಿಡಲು ಫ್ರಿಜ್ಜೂ ಇಲ್ಲ. ಹೊರಗಿಟ್ಟ ಹಾಲು ನಾಲ್ಕು ಗಂಟೆ ತಡೆದರೆ ಹೆಚ್ಚು, ನಮ್ಮ ಬೇಸಗೆಯಲ್ಲಿ ಅಷ್ಟೂ ಇಲ್ಲ. ಕೆಲಸಕ್ಕೆ ಹೊರಟ ತಾಯಿ ತಪ್ಪು ಮಾಡುತ್ತಿಲ್ಲ. ಮಗುವಿನ ಅಳು ಅವಳ ಮೇಲಿನ ದೂರೂ ಅಲ್ಲ.

ಈ ಪುಟವನ್ನು ಓದುವ ಎಷ್ಟೋ ಮನೆಗಳಿಗೆ ಬೆಳಿಗ್ಗೆ ಪಾತ್ರೆ ತೊಳೆಯಲು ಒಬ್ಬಾಕೆ ಬರುತ್ತಾಳೆ. ಹೆರಿಗೆಯ ನಂತರ ಅವಳು ಎಷ್ಟು ದಿನಕ್ಕೆ ಕೆಲಸಕ್ಕೆ ಮರಳಿದಳು? ನೀವು ಅವಳಿಗೆ ಆ ತಿಂಗಳುಗಳ ಸಂಬಳ ಕೊಟ್ಟಿರಾ? ನಿಮ್ಮ ಅಡುಗೆಮನೆಯಲ್ಲಿ ಅವಳು ನಿಂತಿರುವ ಈ ಹೊತ್ತಿನಲ್ಲಿ ಅವಳ ಕೂಸು ಯಾರ ಮಡಿಲಲ್ಲಿದೆ, ಏನು ಕುಡಿಯುತ್ತಿದೆ?