ಅಂಗಳದ ನಾಯಿಗೂ ಒಂದಿಷ್ಟು ಹೊತ್ತು



ಪವಿತ್ರ ಬೈಬಲಿನ ತೋಬಿತ ಗ್ರಂಥದಲ್ಲಿ ಒಂದು ನಾಯಿ ಬರುತ್ತದೆ. ತೋಬಿಯಾಸನು ದೇವದೂತ ರಫಾಯೇಲನೊಡನೆ ದೂರದ ನಾಡಿಗೆ ಹೊರಟಾಗ ಅದೂ ಹೊರಡುತ್ತದೆ. ಮರಳಿ ಬರುವಾಗಲೂ ಜೊತೆಗಿರುತ್ತದೆ. ಅದಕ್ಕೆ ಹೆಸರಿಲ್ಲ, ಅದು ಮಾಡಿದ ಸಾಹಸವೂ ಇಲ್ಲ. ಯಜಮಾನನ ಜೊತೆ ನಡೆಯಿತು, ಅಷ್ಟೇ. ನಾಯಿಗೆ ಬೇಕಾದದ್ದೂ ಅದೇ ಅಲ್ಲವೇ?

ಬಣಕಲ್, ಕೊಟ್ಟಿಗೆಹಾರದ ಕಡೆ ನಾಯಿಯಿಲ್ಲದ ತೋಟದ ಮನೆ ಅಪರೂಪ. ಅದಕ್ಕೆ ಅನ್ನವುಂಟು, ಗೂಡುಂಟು, ಕೊರಳಿಗೆ ಸರಪಳಿಯೂ ಉಂಟು. ಹಣ್ಣು ಕೊಯ್ಲು ಶುರುವಾದರೆ ಬೆಳಿಗ್ಗೆ ತೋಟಕ್ಕೆ ಇಳಿದವರು ತೂಕ ಮುಗಿಸಿ, ಕಣದ ಕಾಫಿಗೆ ಹೊದಿಸಿ ಬರುವಷ್ಟರಲ್ಲಿ ಕತ್ತಲು. ಬಾಲ ಅಲ್ಲಾಡಿಸಿ ಹತ್ತಿರ ಬಂದರೆ ಒಂದು ಗದರಿಕೆ. ಮಳೆಗಾಲದಲ್ಲಿ ಕೇಳುವುದೇ ಬೇಡ. ದಿನವಿಡೀ ಕಟ್ಟಿಹಾಕಿದ ನಾಯಿ ಸುಮ್ಮಸುಮ್ಮನೆ ಬೊಗಳುವುದು, ನೆಲ ಕೆರೆಯುವುದು, ಮನೆಯ ಮಗುವಿನ ಮೇಲೇ ಹಾರುವುದು ಕೊಬ್ಬಿನಿಂದಲ್ಲ, ಬೇಸರದಿಂದ.

ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕಿವಿ’ ಎಂಬ ನಾಯಿಯನ್ನು ಓದುಗರು ಬಲ್ಲರು. ‘ಕರ್ವಾಲೊ’ದಲ್ಲೂ ‘ಪರಿಸರದ ಕಥೆ’ಯಲ್ಲೂ ಅದು ಬರೀ ಕಾವಲು ನಾಯಿಯಲ್ಲ, ಕಾಡು ಅಲೆಯುವ ಸಂಗಾತಿ. ನಮಗೆ ಅಷ್ಟು ಬಿಡುವಿಲ್ಲ, ನಿಜ. ಆದರೆ ದಿನಕ್ಕೆ ಕಾಲು ಗಂಟೆ? ಸರಪಳಿ ಬಿಚ್ಚಿ, ಕೋಲೊಂದನ್ನು ಎಸೆದು ತರಲು ಬಿಡಿ. ತೋಟದ ದಾರಿಯಲ್ಲಿ ನಡೆಸುವಾಗ ಅದು ನಿಂತು ಮೂಸಿದರೆ ಎಳೆಯಬೇಡಿ. ನಮಗೆ ಪೇಪರ್ ಓದಿದಂತೆ ಅದಕ್ಕೆ ಮೂಸುವುದು. ಬೆಕ್ಕಿಗಾದರೆ ದಾರಕ್ಕೆ ಕಟ್ಟಿದ ಗರಿಯೊಂದು ಸಾಕು. ಮಕ್ಕಳು ಮಾತ್ರ ಮರಿಗೆ ಕೈಬೆರಳು ಕೊಟ್ಟು ಕಚ್ಚಿಸಿಕೊಂಡು ಆಡಬಾರದು. ಮರಿಯ ಆಟ ದೊಡ್ಡ ನಾಯಿಯ ಅಭ್ಯಾಸವಾಗುತ್ತದೆ.

ಮೈ ಸವರುವಾಗ ಕೈಗೆ ಇನ್ನೊಂದು ಕೆಲಸವುಂಟು. ಕಿವಿಯೊಳಗಿನ ಉಣುಗು, ಮೂಗು ಹೊಕ್ಕ ಇಂಬಳ, ಪಾದದ ಮುಳ್ಳು ಸಿಕ್ಕುವುದು ಆಗಲೇ. ಉಣುಗನ್ನು ಬರಿಗೈಯಲ್ಲಿ ಹಿಸುಕಬೇಡಿ. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ವರ್ಷ ವರ್ಷ ಮರೆಯಬೇಡಿ.

“ನಾಯಿಗೂ ಧರ್ಮಕ್ಕೂ ಏನು ಸಂಬಂಧ, ಫಾದರ್?” ಎಂದು ಕೇಳುವವರಿದ್ದಾರೆ. ದಾವೀದ ಅರಸನಿಗೆ ಅವನ ಪಾಪವನ್ನು ತೋರಿಸಲು ಪ್ರವಾದಿ ನಾತಾನನು ಹೇಳಿದ್ದು ಬಡವನೊಬ್ಬನ ಕುರಿಮರಿಯ ಕಥೆ. ಅದು ಅವನ ಮಕ್ಕಳ ಜೊತೆಯೇ ಬೆಳೆದು, ಅವನ ತುತ್ತಿನಲ್ಲೇ ಪಾಲು ಪಡೆದ ಮರಿ. ಅರಸನ ಮನಸ್ಸನ್ನು ಕದಲಿಸಿದ್ದು ಆ ಅಕ್ಕರೆ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಪ್ರಾಣಿಗಳಿಗೆ ನಾವು ದಯೆಯ ಋಣಿಗಳು ಎನ್ನುತ್ತದೆ; ಅಸ್ಸಿಸಿಯ ಸಂತ ಫ್ರಾನ್ಸಿಸರನ್ನೂ ಸಂತ ಫಿಲಿಪ್ ನೇರಿಯವರನ್ನೂ ನೆನಪಿಸುತ್ತದೆ. ಮನುಷ್ಯರಿಗೇ ಸಲ್ಲಬೇಕಾದ ಪ್ರೀತಿಯನ್ನು ಪ್ರಾಣಿಗೆ ಕೊಡಬಾರದು ಎಂಬ ಎಚ್ಚರಿಕೆಯೂ ಅದರಲ್ಲೇ ಇದೆ. ನಾಯಿಗೆ ಕಾಲು ಗಂಟೆ ಕೊಟ್ಟು, ಒಳಕೋಣೆಯ ಮುದಿ ತಾಯಿಯ ಬಳಿ ಐದು ನಿಮಿಷ ಕೂರದವರು ಇದನ್ನು ಇನ್ನೊಮ್ಮೆ ಓದಲಿ. ತಾಯಿಯನ್ನು ಜಗುಲಿಗೆ ಕರೆತಂದು ಕೂರಿಸಿದರೆ ನಾಯಿಯ ಆಟವನ್ನು ಅವರೂ ನೋಡಿಯಾರು.

ಇನ್ನು, ರಾತ್ರಿ ಹೊರಗೆ ಕಟ್ಟಿಹಾಕಿ ಮಲಗಬೇಡಿ. ಚಿರತೆ ಬಂದರೆ ಸರಪಳಿಯಲ್ಲಿರುವ ನಾಯಿಗೆ ಓಡುವ ದಾರಿಯಿಲ್ಲ. ಸಂಜೆಯ ಜಪಸರಕ್ಕೆ ಕೂರುವ ಮೊದಲೇ ಅದನ್ನು ಒಳಗೆ ಕರೆದುಕೊಳ್ಳಿ. ಅಡಿಗೆಮನೆಯ ಮೂಲೆಯಲ್ಲಿ ಒಂದು ಗೋಣಿಚೀಲ ಹಾಸಿದರೆ ಸಾಕು.